ತಿರುಗಿ ನೋಡಬಾರದ ದಾರಿ

5-2-1974, ಮಂಗಳವಾರ, ಸಂಜೆ

ತುರುವನೂರು ರಸ್ತೆ. ಅದೇ ಹುಣಿಸೆ ಮರ, ಅದೇ ಕೊಂಬೆ. ಅಪ್ಪ ಮತ್ತೆ ಶುರು ಮಾಡಿದ. "ದೆವ್ವ ಆದ ಮೇಲೆ ಯಾರನ್ನಾದ್ರೂ ಹಿಡ್ಕಬೇಕಲೇ! ಮೊನ್ನೆ ಆ ಮಗೀನ ನಾನೇ ಹೆದರಿಸಬೇಕಾತು."

ಪರಿಚಯವಿಲ್ಲದವರ ಮೈಮೇಲೆ ಹೋಗುವುದು ಹೇಗೆ? ಸಂಕೋಚ. ದುರ್ಗದ ಕಾಲೇಜಿನ ತೊಲೆಗೆ ಜೋತುಬಿದ್ದು ಬಿ.ಎ. ಮುಗಿಸಿದವನು ನಾನು. ಮೂರು ವರ್ಷ ಹಾಜರಿಯಲ್ಲಿ ನನ್ನ ಹೆಸರು ಕೂಗಲಿಲ್ಲ.

ಆರೂವರೆಗೆ ಬಾಲವಾಡಿ ಟೀಚರ್ ಜಯಕ್ಕ ಬಂದಳು. ಹೆದರಿ ಜ್ವರ ಬಂದಿರುವುದು ಅವಳ ಅಕ್ಕನ ಮಗಳಿಗೇ. ಮಗುವಿಗೆ ನಿವಾಳಿಸಿದ ಕೆಂಪನ್ನ, ನಿಂಬೆಹಣ್ಣು ಮೂರು ದಾರಿ ಕೂಡುವಲ್ಲಿ ಇಟ್ಟಳು.

"ಉಣ್ಣಪ್ಪ. ಉಂಡು ಮಗೀನ ಬಿಟ್ಟೋಗು."

ನನ್ನನ್ನೇ ಮಾತಾಡಿಸಿದಳು!

ನಿವಾಳಿ ಇಟ್ಟವರು ತಿರುಗಿ ನೋಡಬಾರದು. ನೋಡಲಿಲ್ಲ.

ಉಣ್ಣಲಿಲ್ಲ ನಾನು. ಉಂಡರೆ ಜ್ವರ ಇಳಿಯುತ್ತದೆ. ಇಳಿದರೆ ಅವಳು ಬರುವುದಿಲ್ಲ...

8-2, ಶುಕ್ರವಾರ

ಬಂದಳು! ಎಲೆಯಲ್ಲಿ ಮೊಟ್ಟೆಯೂ ಇದೆ. "ಏನಪ್ಪ, ಅವತ್ತು ಉಪ್ಪು ಕಮ್ಮಿ ಆಗಿತ್ತಾ?" ಇಲ್ಲ ಎನ್ನಬೇಕೆನಿಸಿತು. ಹೋಗುವಾಗ ಜಡೆಯ ಕನಕಾಂಬರ ತಿರುವಿನ ತನಕ ಕಂಡಿತು.

ಉಣ್ಣಲಿಲ್ಲ. ನಾಯಿ ಓಡಿಸುತ್ತ ಕುಳಿತೆ.

"ಹಸಿದು ಸಾಯ್ತೀಯೇನಲೇ?"

"ಸಾಯಾದೆಲ್ಲಿ ಬಂತಪ್ಪ ಇನ್ನು."

12-2, ಮಂಗಳವಾರ

ಹೂವಿಲ್ಲ. ತಲೆ ಬಾಚಿಲ್ಲ. ಎಲೆ ಇಟ್ಟು ಅಲ್ಲೇ ಕುಕ್ಕರಿಸಿದಳು. "ಮಗು ಕಣ್ಣೇ ಬಿಡ್ತಿಲ್ಲ ಕಣಪ್ಪ. ಇನ್ನೇನು ಕೊಡ್ಲಿ ನಿಂಗೆ?"

ಅಪ್ಪ ಹೆದರಿಸಿದ್ದು ಒಂದು ಗಳಿಗೆ. ನಾನು ಒಂದು ವಾರ ನರಳಿಸಿದೆ.

ಅವಳು ತಿರುವು ದಾಟುವ ಮೊದಲೇ ಇಳಿದು ಉಂಡೆ. ಒಂದಗುಳೂ ಬಿಡಲಿಲ್ಲ. ಎಲೆ ಮಡಿಚಿದೆ. ಉಪ್ಪು ಸರಿಯಾಗಿಯೇ ಇತ್ತು. ಹೇಳೋಣವೆಂದರೆ ರಸ್ತೆ ಖಾಲಿ.

15-2, ಶುಕ್ರವಾರ

ಬರಲಿಲ್ಲ. ಒಳ್ಳೆಯದೇ.

22-2, ಅಮಾವಾಸ್ಯೆ

ಬೇರೆ ಯಾರದೋ ನಿವಾಳಿ. ಅವರು ಮಾತೇ ಆಡಲಿಲ್ಲ, ಇಟ್ಟು ಓಡಿದರು.

17-3, ಭಾನುವಾರ, ಬೆಳಿಗ್ಗೆ ಹತ್ತು

ಜಯಕ್ಕ! ಜೊತೆಗೆ ಮಗು, ಕುಣಿಯುತ್ತಾ. ದುರ್ಗದ ಬಸ್ಸಿಗೆ ಹೊರಟಿದ್ದಾರೆ. ಕೈಯಲ್ಲಿ ಎಲೆ ಇಲ್ಲ, ಬರೀ ಬ್ಯಾಗು. ಅಂದರೆ ಇವತ್ತು ತಿರುಗಿ ನೋಡಬಹುದು. ಕಣ್ಣು ಕೀಳದೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಮಗು ಮರದ ಕೆಳಗೆ ನಿಂತು ಮೇಲೆ ನೋಡಿತು. "ಚಿಕ್ಕಮ್ಮ, ಯಾರೋ ಕುಂತವ್ರೆ."

"ಯಾರೂ ಇಲ್ಲ ಬಾರೆ, ಬಸ್ ಬರ್ತೈತೆ."

ಹತ್ತು ಹೆಜ್ಜೆ. ಹದಿನೈದು. ಕೂದಲು ಸರಿ ಮಾಡಿಕೊಂಡೆ.

ತಿರುವಿನಲ್ಲಿ ನಿಂತಳು. ಮಗುವಿನ ಕೈ ಬಿಟ್ಟಳು. ಕನಕಾಂಬರ ಅಲುಗಿತು. ನಿಧಾನಕ್ಕೆ—