ಸಾವಿರದ ಇನ್ನೂರು ಚುಕ್ಕೆ, ಒಂದು ಮೊಳ ಹೂ

ಎನ್.ಆರ್. ಕಾಲೋನಿ, ಬೆಂಗಳೂರು
೮ ಜುಲೈ ೨೦೨೫, ಮಂಗಳವಾರ

ಪ್ರೀತಿಯ ಅತ್ತೆಮ್ಮಾ,

ಹೇಗಿದ್ದೀರಿ? ಬಲಗೈ ಬೆರಳುಗಳನ್ನು ಸ್ವಲ್ಪವಾದರೂ ಮಡಿಸಲು ಆಗುತ್ತಿದೆಯೇ? ಆಸ್ಪತ್ರೆಯಿಂದ ಮನೆಗೆ ಬಂದಿರಿ, ಗಂಜಿಯನ್ನು ಎಡಗೈಯಲ್ಲೇ ಕುಡಿಯುತ್ತೀರಿ ಎಂದು ಮೀನಾ ಅತ್ತಿಗೆ ಹೇಳಿದರು. ಮಾತು ತೊದಲುತ್ತದೆ ಎಂದು ಫೋನು ಮುಟ್ಟುವುದಿಲ್ಲವಂತೆ. ಅದಕ್ಕೇ ಈ ಕಾಗದ. ಓದಲು ನಿಮಗೆ ಯಾರ ಹಂಗೂ ಬೇಡವಲ್ಲ! ಸುಲ್ತಾನ್‌ಪೇಟೆಯಲ್ಲಿ ಮಾಡಿಸಿದ ನಮ್ಮ ಮದುವೆ ಪತ್ರಿಕೆಗಳು ಒಂದು ಕಟ್ಟು ಉಳಿದಿವೆ, ಅವುಗಳ ಹಿಂಬದಿಯಲ್ಲೇ ಬರೆಯುತ್ತಿದ್ದೇನೆ. ತಿರುಗಿಸಿದರೆ ಚಿನ್ನದ ಅಕ್ಷರದಲ್ಲಿ ನಾನು ಮತ್ತು ಕುಶಾಲ್. ನೋಡಿದಾಗಲೆಲ್ಲ ಒಬ್ಬಳೇ ನಗುತ್ತೇನೆ. ಇಂಗ್ಲಿಷ್ ಮೀಡಿಯಂನವಳು, ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಲ್ಲಿ ಎಲ್ಲರೂ ಕ್ಷೇಮ. ಗಾಂಧಿ ಬಜಾರಿನ ನಮ್ಮ ಹೂವಿನ ಅಂಗಡಿಯಲ್ಲಿ ಈಗ ಮಾವನವರೇ ಕೂರುತ್ತಾರೆ. ಅವರು ಕಟ್ಟಿದ ಕನಕಾಂಬರ ಮನೆ ಮುಟ್ಟುವುದರೊಳಗೆ ಉದುರಿಹೋಗುತ್ತದೆ ಎಂದು ಗಿರಾಕಿಗಳು ನಿಮ್ಮನ್ನೇ ಕೇಳುತ್ತಾರಂತೆ. ನಿಮ್ಮ ಅಪ್ಪಣೆಯಂತೆ ಕುಶಾಲ್ ಈ ತಿಂಗಳೆಲ್ಲ ನಡುಮನೆಯಲ್ಲಿ ಮಾವನವರ ಪಕ್ಕ ಮಲಗುತ್ತಾರೆ. ಬೆಳಿಗ್ಗೆ ಕಾಫಿ ಲೋಟ ಕೊಡುವ ನೆಪದಲ್ಲಿ ಒಂದು ನಿಮಿಷ ಹೆಚ್ಚು ನಿಂತರೆ ಮಾವ ಕೆಮ್ಮುತ್ತಾರೆ. ಅಯ್ಯೋ, ಇದನ್ನೆಲ್ಲ ಅತ್ತೆಗೆ ಬರೆಯಬಾರದೇನೋ.

ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಎಂಬ ಶಾಸ್ತ್ರಕ್ಕೆ ಬಟ್ಟೆ ತುಂಬಿಕೊಂಡು ತವರಿಗೆ ಹೋಗಬೇಕಾದವಳು ನಾನು. ‘ಅವ್ಳಿಗೆ ಪರೀಕ್ಷೆ ಇದೆ, ನಾನೇ ಮಗಳ ಮನೇಗ್ ಹೋಗ್ತೀನಿ ಬಿಡಿ’ ಎಂದು ನೀವು ದೊಡ್ಡಬಳ್ಳಾಪುರದ ಬಸ್ಸು ಹತ್ತಿದಿರಿ. ನನ್ನ ಗೆಳತಿಯರು ಇದನ್ನು ನಂಬುವುದೇ ಇಲ್ಲ. ಮೂರನೆಯ ದಿನ ನಿಮಗೆ ಲಕ್ವ ಹೊಡೆಯಿತು. ಓಡಿ ಬರೋಣವೆಂದರೆ ಶ್ರಾವಣಕ್ಕೆ ಇನ್ನೂ ಹದಿನೇಳು ದಿನ. ಕ್ಯಾಲೆಂಡರ್ ಮುಂದೆ ನಿಂತು ಅಳುವುದು ಬಿಟ್ಟು ನನ್ನಿಂದ ಏನೂ ಆಗುತ್ತಿಲ್ಲ.

ನನ್ನ ಕಾಲೇಜಿನ ಪ್ರಾಜೆಕ್ಟ್ ವಿಷಯ ಕೇಳುತ್ತೀರಿ ಎಂದು ಗೊತ್ತು. ನೆನಪಿದೆಯೇ, ಆಷಾಢಕ್ಕೆ ಮುಂಚಿನ ಭಾನುವಾರ ನಿಮ್ಮ ಬಲಗೈ ಹೆಬ್ಬೆರಳಿಗೆ ಗುಂಡಿಯಷ್ಟು ಚಿಕ್ಕ ಯಂತ್ರ ಅಂಟಿಸಿ ಒಂದು ಮೊಳ ಕಟ್ಟಿಸಿದ್ದು? ಆ ಒಂದು ನಿಮಿಷದಲ್ಲಿ ನಿಮ್ಮ ಬೆರಳು ನಿಂತ ಜಾಗಗಳನ್ನು ಅದು ಸಾವಿರದ ಇನ್ನೂರು ಚುಕ್ಕೆಗಳಾಗಿ ಬರೆದುಕೊಂಡಿತು. ಪ್ರತಿ ಚುಕ್ಕೆಗೂ ಮೂರು ಅಂಕಿ: ಎಡ ಬಲ ಎಷ್ಟು, ಹಿಂದೆ ಮುಂದೆ ಎಷ್ಟು, ಎತ್ತರ ಎಷ್ಟು. ಸಾಫ್ಟ್‌ವೇರ್ ಅವುಗಳನ್ನು ಒಂದಾದ ಮೇಲೊಂದು ಸೇರಿಸಿ, ಎಲ್ಲೂ ಮುರಿಯದೆ ನುಣ್ಣಗೆ ಬಾಗುವ ಒಂದು ಗೆರೆ ಎಳೆಯಬೇಕು. ಗಾಳಿಯಲ್ಲಿ ನಿಮ್ಮ ಬೆರಳು ಸುತ್ತಿದ ದಾರಿ ಹಾಗೇ ಕಾಣಬೇಕು. ಹೇಗೆ ಕಟ್ಟುತ್ತೀರಿ ಎಂದು ಬಾಯಲ್ಲಿ ಹೇಳಿ ಎಂದರೆ ‘ಕೈಗ್ ಗೊತ್ತು ಕಣೇ, ನನ್ನ ಕೇಳಿದ್ರೆ ಏನ್ ಹೇಳ್ಲಿ’ ಎಂದಿರಿ. ಯಂತ್ರ ಬಿಚ್ಚುವಾಗ ಮೆಲ್ಲಗೆ ಇನ್ನೊಂದು ಮಾತೂ ಹೇಳಿದಿರಿ: ‘ನಲ್ವತ್ ವರ್ಷ ಕಟ್ಟಿದ್ದೆಲ್ಲಾ ಬಾಡೋಯ್ತು. ಇದೊಂದಾದ್ರೂ ಉಳ್ಕೊಳ್ಳಲಿ.’

ಆ ಗೆರೆ ಬರುತ್ತಿಲ್ಲ ಅತ್ತೆಮ್ಮಾ. ಹತ್ತು ದಿನದಿಂದ ಕೂತಿದ್ದೇನೆ. ಎಷ್ಟು ನುಣುಪು ಮಾಡಿದರೂ ಗೆರೆ ಈ ತುದಿಯಿಂದ ಆ ತುದಿಗೆ ಹಾರಿ ಹಾರಿ ಸಿಕ್ಕುಸಿಕ್ಕಾಗುತ್ತದೆ. ಮಾವ ಇಣುಕಿ ನೋಡಿ ‘ಏನಮ್ಮಾ ಇದು, ಕೋಳಿ ಕೆದಕ್ದಂಗಿದೆ’ ಎಂದರು. ನನ್ನ ಗೈಡ್ ಗಂಗಾಧರಯ್ಯ ಸರ್, ಇದು ಹೂ ಕಟ್ಟುವ ಕೈಯೋ ಸೊಳ್ಳೆ ಹೊಡೆಯುವ ಕೈಯೋ ಎಂದು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಾಫ್ಟ್‌ವೇರ್ ಸರಿಯಿಲ್ಲ ಸರ್ ಎಂದುಬಿಟ್ಟೆ. ಕುಶಾಲ್ ಮಾತ್ರ ಆ ಚಿತ್ರಕ್ಕೆ ಫ್ರೇಮ್ ಹಾಕಿಸಿ ಅಂಗಡಿಯಲ್ಲಿ ತೂಗುಹಾಕಬೇಕೆಂದು ಗೋಡೆಗೆ ಆಗಲೇ ಮೊಳೆ ಹೊಡೆದಿದ್ದಾರೆ.

ಎಣ್ಣೆ ತಿಕ್ಕಿಸಿಕೊಳ್ಳುವುದರ ಜೊತೆಗೆ ಡಾಕ್ಟರ್ ಕೊಟ್ಟ ಮಾತ್ರೆಯನ್ನೂ ತಪ್ಪಿಸಬೇಡಿ. ಅತ್ತಿಗೆಗೆ ನನ್ನ ನಮಸ್ಕಾರ ಹೇಳಿ. ನಿಮ್ಮ ಎರಡೂ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಸೊಸೆ, ಅಲ್ಲ, ನೀವೇ ಕರೆಯುವ ಹಾಗೆ,
ಬಾಯಿಬಡುಕಿ ಯಮುನಾ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಸಾಫ್ಟ್‌ವೇರ್ ಸರಿಯಾಗೇ ಇದೆ. ನಿಮ್ಮ ಬೆರಳು ಎಷ್ಟು ಮೇಲೇಳುತ್ತದೆ ನೋಡೋಣವೆಂದು ಅಂಕಿಗಳ ಸಾಲುಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದೆ. ಮೊದಲ ಕಾಲಂನಲ್ಲಿದ್ದ ಪ್ರತಿ ಚುಕ್ಕೆಯ ಸಮಯವನ್ನು ಬರೀ ಕ್ರಮಸಂಖ್ಯೆ ಎಂದುಕೊಂಡು ಅಳಿಸಿ, ಹಾಗೇ ಸೇವ್ ಮಾಡಿದೆ. ಯಂತ್ರ ಕಾಲೇಜಿನದು, ಆಮೇಲೆ ಬೇರೆಯವರು ಬಳಸಿದ್ದರಿಂದ ಅದರೊಳಗಿನದೂ ಅಳಿಸಿಹೋಗಿದೆ. ಚುಕ್ಕೆ ಒಂದೂ ಕಳೆದಿಲ್ಲ, ಆದರೆ ಯಾವುದಾದ ಮೇಲೆ ಯಾವುದು ಎಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಯಾರಿಗೂ ಹೇಳಿಲ್ಲ. ಮೊದಲು ನಿಮಗೇ ಹೇಳಬೇಕಿತ್ತು. ಭಾನುವಾರ ಬರುತ್ತೇನೆ, ಬೇಡ ಎನ್ನಬೇಡಿ. ಹೊಸ್ತಿಲು ದಾಟುವುದಿಲ್ಲ, ಹೊರಗಿನ ಮೆಟ್ಟಿಲ ಮೇಲೇ ಕೂರುತ್ತೇನೆ. ನೀವು ಒಳಗೇ ಕೂತು ಎಡಗೈ ಚಾಚಿ ನನ್ನ ಬೆರಳು ಹಿಡಿದು ಒಂದು ಮೊಳ ಕಟ್ಟಿಸಿ. ಅದು ನಿಮ್ಮ ಗೆರೆಯಾಗುವುದಿಲ್ಲ, ಗೊತ್ತು. ಯಂತ್ರ ತರುವುದಿಲ್ಲ. ಕನಕಾಂಬರ, ಬಾಳೆನಾರು ತರುತ್ತೇನೆ.