ಹೊಳೆ ಬರುತ್ತದೆಂದು ನಿನಗೆ ಹೇಳಲಿಲ್ಲ

ಗೆಳತಿ ಗಂಗವ್ವಾ,

ನಮ್ಮ ಕಂಪ್ಲಿಯ ಹೊಳೆದಂಡೆ ಓಣಿಗೆ ನೆರೆಯ ಮುನ್ನೆಚ್ಚರಿಕೆ ಹೇಳಿಕೊಡುವ ಆ ತರಬೇತಿಯವರು ಬಂದ ದಿನ ನೆನಪಿದೆಯಾ? ಡ್ಯಾಮಿನಿಂದ ನೀರು ಬಿಡುವ ಸುದ್ದಿ ನನ್ನ ಫೋನಿಗೆ ಬರುತ್ತದೆ, ನಾನು ಹತ್ತು ಮನೆಗೆ ತಿಳಿಸಬೇಕು ಎಂದಾಗ ನೀನು ನಕ್ಕಿದ್ದೆ. "ನಿನ್ನ ಬಾಯಿಗೆ ಫೋನ್ ಯಾಕ ಬೇಕಲೇ ಸುಶೀಲಿ? ಇಲ್ಲಿ ನಿಂತು ಕೂಗಿದ್ರ ಗಂಗಾವತಿಗೆ ಕೇಳ್ತೈತಿ!"

ಹೋದ ಮಳೆಗಾಲದ ಆ ಮಧ್ಯಾಹ್ನ ಹೊಲಿಗೆ ಮಷಿನ್ ಮುಂದೆ ಕೂತಿದ್ದೆ. ಸಂದೇಶ ಬಂತು: ಗೇಟು ತೆಗೆದಿದ್ದಾರೆ, ಸಂಜೆಯೊಳಗೆ ದಂಡೆ ಬಿಡಿ. ಒಂಬತ್ತು ಮನೆಗೆ ಫೋನ್ ಮಾಡಿ ಹೇಳಿದೆ. ನಿನ್ನದು ಸ್ವಿಚ್ ಆಫ್. ಮಗಳು ಶಾಂತಿಯನ್ನು ನೋಡಲು ಕುರೆಕುಪ್ಪಕ್ಕೆ ಹೋಗಿದ್ದೀಯಲ್ಲ, ಅಲ್ಲೇ ಇರುತ್ತೀ ಎಂದುಕೊಂಡು ಪಟ್ಟಿಯಲ್ಲಿ ನಿನ್ನ ಹೆಸರಿನ ಮುಂದೂ ಗುರುತು ಹಾಕಿದೆ. ನಿನ್ನ ಮನೆ ಎಷ್ಟು ದೂರವಿತ್ತು ಗಂಗೀ? ಎದ್ದು ಹೋಗಿ ನೋಡಬಹುದಿತ್ತು. ರವಿಕೆಗೆ ಒಂದು ತೋಳು ಹಚ್ಚುವುದು ಬಾಕಿಯಿತ್ತು, ಅಷ್ಟಕ್ಕೆ ನಾನು...

ಬೆಳಗಿನ ಬಸ್ಸಿಗೇ ನೀನು ಬಂದಿದ್ದೆ ಎಂದು ಗೊತ್ತಾಗಿದ್ದು ಹೊತ್ತು ಮುಳುಗುವಾಗ. ನಿನ್ನ ಪಕ್ಕದ ಮನೆಯ ಹುಲಿಗೆವ್ವ ಓಡಿ ಬಂದಳು. "ಗಂಗವ್ವ ಆಡು ಮೇಸಾಕ ನಡುಗಡ್ಡಿಗೆ ಹೋದಾಕಿ ಇನ್ನೂ ಬಂದಿಲ್ಲ! ಆಕಿಗೂ ನೀ ಹೇಳಿರ್ತಿ ಅಂದ್ಕಂಡಿದ್ದೆ..." ದಂಡೆಗೆ ಓಡಿದೆ. ಕೂಗಿದೆ. ಕೆಂಪು ನೀರಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಮೂರನೇ ದಿನ ಜಾಲಿಕಂಟಿಯಲ್ಲಿ ನೀನು ಸಿಕ್ಕೆ. ಆಡುಗಳು ಬಂಡೆ ಹತ್ತಿ ಬದುಕಿದ್ದವು.

ಮಣ್ಣು ಮಾಡಿ ಬಂದ ಮೇಲೆ ಶಾಂತಿ ನನ್ನ ಕೈ ಹಿಡಿದು ಕೇಳಿದಳು. "ಚಿಗವ್ವಾ, ನೀರ್ ಬರ್ತೈತಂತ ಅವ್ವಗ ಹೇಳಿದ್ದಿಲ್ಲೇನು?"

ಓಣಿಯೆಲ್ಲ ನನ್ನನ್ನೇ ನೋಡುತ್ತಿತ್ತು.

"ಹೇಳಿದ್ದೆವ್ವಾ. ಆಡು ಹೊಡ್ಕಂಡು ಬಂದುಬಿಡ್ತೀನಿ ಅಂದ್ಲು."

ನೀನು ಆಡದ ಮಾತನ್ನು ನಿನ್ನ ಬಾಯಲ್ಲಿಟ್ಟೆ. ಶಾಂತಿ ಕೈ ಬಿಟ್ಟಳು. "ಗೊತ್ತಿದ್ದೂ ಹೋದ್ಲಾ? ನನಗಿಂತ ಆಡು ಹೆಚ್ಚಾದ್ವಾ ಆಕಿಗೆ?" ಅವತ್ತಿನಿಂದ ಅವಳು ನಿನಗಾಗಿ ಅತ್ತಿದ್ದನ್ನು ನಾನು ನೋಡಿಲ್ಲ.

ಈ ವರ್ಷವೂ ಸಂದೇಶ ಬಂತು. ಫೋನ್ ಬಿಟ್ಟು ಒಂದೊಂದೇ ಬಾಗಿಲು ಬಡಿದು ಎಲ್ಲರನ್ನೂ ಹೊರಡಿಸಿದೆ. "ಸುಶೀಲಕ್ಕ ಅದಾಳಂದ್ರ ನಮಗ ಧೈರ್ಯ" ಎನ್ನುತ್ತಾರೆ. ಆ ಮಾತು ಕೇಳಿದಾಗೆಲ್ಲ ನೆಲ ಬಾಯಿಬಿಡಬಾರದೇ ಅನಿಸುತ್ತದೆ.

ನಿನಗೆ ಗೊತ್ತಿಲ್ಲದ ಸುದ್ದಿ: ಶಾಂತಿಗೆ ಹೆಣ್ಣು ಮಗು. ಮೂಗು ನಿನ್ನದೇ. ಮೊನ್ನೆ ನಿಜ ಹೇಳಿಬಿಡಬೇಕೆಂದೇ ಕುರೆಕುಪ್ಪಕ್ಕೆ ಹೋಗಿದ್ದೆ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, "ಅವ್ವನ ಹೆಸರು ಇಡವ್ವಾ" ಎಂದೆ. "ಆ ಹೆಸರು ಬ್ಯಾಡ" ಎಂದು ಎದ್ದು ಒಳಗೆ ಹೋದಳು. ಬರಲಿ, ಬಂದ ಕೂಡಲೇ ಹೇಳುತ್ತೇನೆ ಎಂದು ಕಾದೆ. ಚಹಾ ತಂದು ಕೈಗಿಟ್ಟು, "ಇನ್ಮ್ಯಾಲೆ ನೀನ ನನಗ ಅವ್ವ, ಚಿಗವ್ವಾ" ಎಂದಳು.

ನಾನು ಚಹಾ ಕುಡಿದೆ. ಸಂಜೆಯ ಬಸ್ಸಿಗೆ ಊರಿಗೆ ಬಂದೆ.