ಮೆಣಸಿನ ಸಾಲು

ಬ್ರಾಂಕ್ಸ್, ೧೮ ಮಾರ್ಚ್ ೨೦೧೫

ಮುದ್ದು ಒಡೆಸಾ,

ಮಂಡಿನೋವು ಹೇಗಿದೆ? ಜೈಲಿನವರು ಎರಡನೇ ಕಂಬಳಿ ಕೊಟ್ಟರೇ? ನಾನು ಚೆನ್ನಾಗಿದ್ದೇನೆ, ಗಂಟಲು ಮಾತ್ರ ಕಟ್ಟಿದೆ. ಶನಿವಾರದ ಮೆರವಣಿಗೆಯಲ್ಲಿ ನಮ್ಮ ಹುಡುಗಿಯರು ದಾರಿಯುದ್ದಕ್ಕೂ ಒಂದೇ ಸಾಲು ಕೂಗಿದರು: "ಬಾಯಿಗೆ ಬಟ್ಟೆ ತುರುಕು, ಮೆಣಸಿನ ಖಾರ ಇಳಿಯಲ್ಲ!" ಅವರ ಅಂಗಿಗಳ ಮೇಲೂ ಅದೇ ಸಾಲು, ಕೆಳಗೆ ನನ್ನ ಹೆಸರು. ಇಮಾನಿ ಎಂಬ ಕಾಲೇಜು ಹುಡುಗಿ ತಬ್ಬಿಕೊಂಡು, "ವರ್ಲೀನ್ ಆಂಟಿ, ಮೆಣಸು ಅನ್ನೋ ಉಪಮೆ ಹೆಂಗೆ ಹೊಳೀತು ನಿಮ್ಗೆ?" ಎಂದಳು. ನಕ್ಕುಬಿಟ್ಟೆ.

ಉಪಮೆಯಲ್ಲ, ಮೆಣಸು ಅಂದರೆ ನೀನು. ಪಾರ್ಕಿನಲ್ಲಿ ಮೈಕು ಹಿಡಿದು ಹಾಡುವಾಗ ನಿನ್ನ ಹೆಸರು ಅದೇ ಆಗಿತ್ತು. ರ‍್ಯಾಪ್ ಕಟ್ಟುವವರು ಪದ್ಯದೊಳಗೆ ತಮ್ಮ ಅಂಕಿತ ಇಡಬೇಕು, ಇನ್ನೊಬ್ಬರ ಸಾಲು ಕದಿಯಬಾರದು. ನಾನೇ ಕಲಿಸಿದ್ದು.

ಆ ಸಾಲಿದ್ದ ನಿನ್ನ ಪದ್ಯವನ್ನು ನಮ್ಮ ಸಂಘದ ಟೇಪಿನಿಂದ ತೆಗೆಸಿದವಳೂ ನಾನೇ. ನಿನ್ನೊಡನೆ ಬಾಳುತ್ತಿದ್ದ ಸಂಘದ ಮುಂದಾಳು ಲೆಮಾರ್ ನಿನ್ನನ್ನು ಹೊಡೆಯುತ್ತಿದ್ದ. ನೀನು ಅವನ ಹೆಸರು ಹಿಡಿದೇ ಹಾಡಿದ್ದೆ. "ಪೊಲೀಸರು ನಮ್ಮ ಗಂಡಸರನ್ನ ಬೀದೀಲಿ ಕೊಲ್ತಾ ಇದಾರೆ, ನೀನು ಇನ್ನೊಬ್ಬನ್ನ ಹಿಡಿದು ಕೊಡ್ತೀಯಾ?" ಎಂದು ನಾನು ಗದರಿದೆ. "ಹಂಗಾದ್ರೆ ನಾನು ನಮ್ಮವಳಲ್ವಾ, ಅಕ್ಕಾ?" ಎಂದೆ ನೀನು. ಐದು ತಿಂಗಳ ಮೇಲೆ ನೀನು ಕುದಿಯುವ ಜೋಳದ ಗಂಜಿಯನ್ನು ಅವನ ಮೇಲೆ ಸುರಿದೆ. ಒಂಬತ್ತನೇ ದಿನ ಅವನು ಸತ್ತ. ಅವನು ಹೊಡೆಯುವುದನ್ನು ಯಾರಿಗಾದರೂ ಹೇಳಿದ್ದೆಯಾ ಎಂದು ಕೋರ್ಟಿನಲ್ಲಿ ಕೇಳಿದಾಗ ನೀನು ನನ್ನತ್ತ ನೋಡಿದೆ. ನಾನು ಅಮ್ಮನ ಟೋಪಿಯ ಹೂವನ್ನು ನೋಡುತ್ತಿದ್ದೆ. ನಾನು ಸಾಕ್ಷಿ ಹೇಳಲು ಏಳದಿದ್ದದ್ದು ಹೋರಾಟಕ್ಕಾಗಿಯೋ, ಹೇಡಿತನವೋ? ಇಪ್ಪತ್ತು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಉತ್ತರ ಪ್ರತಿಸಲವೂ ನನಗೆ ಅನುಕೂಲವಾಗಿಯೇ ಬರುತ್ತದೆ.

ಅಮ್ಮನ ಚರ್ಚಿನ ಹೆಂಗಸರು ಭಾನುವಾರ ನಿನ್ನ ಹೆಸರೆತ್ತಿ ಪ್ರಾರ್ಥಿಸಿದರು. ದೇವರು ನಿನ್ನನ್ನು ಬೆಚ್ಚಗಿಡಲಿ.

ನಿನ್ನ ಅಕ್ಕ,
ವರ್ಲೀನ್

ತಾ.ಕ.: ಬಿಡುಗಡೆಯ ವಿಚಾರಣೆಗೆಂದು ನಿನ್ನ ವಕೀಲೆ, ಅವನು ಹೊಡೆಯುತ್ತಿದ್ದುದಕ್ಕೆ ಸಾಕ್ಷಿಯಾಗಿ, ಆ ಪದ್ಯವಿರುವ ಮೊದಲ ಕ್ಯಾಸೆಟ್ ಬೇಕೆಂದಿದ್ದಳು. ಅದು ಅಮ್ಮನ ಟೋಪಿಯ ಡಬ್ಬಿಯಲ್ಲಿ ಸಿಕ್ಕಿತು. ಹಾಕಿ ಕೇಳಿದೆ. ಹತ್ತೊಂಬತ್ತು ವರ್ಷದ ನಿನ್ನ ದನಿ, ಎಷ್ಟು ಚೆನ್ನಾಗಿತ್ತು! ಸಿಗಲಿಲ್ಲ ಎಂದು ವಕೀಲೆಗೆ ಹೇಳಿದ್ದೇನೆ. ಮುಂದಿನ ವಾರ ಗುರುವಾರ ವಿಚಾರಣೆಯಲ್ಲಿ ಕೇಳಿದರೆ ನೀನೂ ಅಂಥ ಪದ್ಯ ಹಾಡಿರಲೇ ಇಲ್ಲ ಅನ್ನು. ಹುಡುಗಿಯರಿಗೆ ಈಗ ಆ ಸಾಲು ಬೇಕು, ಒಡೆಸಾ.